ನೆಲ ಡೊಂಕು

ಕೌಂಟರಿನ ಗಾಜಿನ ಕೆಳಗಿನ ಹಳೆಯ ಚೀಟಿ ಎಷ್ಟು ಎಳೆದರೂ ಬರಲಿಲ್ಲ. ಯಾವತ್ತೋ ಚೆಲ್ಲಿದ ಚಹಾ ಗಾಜಿಗೂ ಕಾಗದಕ್ಕೂ ನಡುವೆ ಇಳಿದು, ಒಣಗಿ, ಎರಡನ್ನೂ ಬಿಡಿಸಲಾರದ ಹಾಗೆ ಅಂಟಿಸಿಬಿಟ್ಟಿತ್ತು. ಅವನು ಗಾಜನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಹೆಬ್ಬೆರಳಿನ ಉಗುರಿನಿಂದ ಕೆರೆದ. ಒಂದನೇ ವಾಕ್ಯ ಅರ್ಧ ಹೋಯಿತು, ಎರಡನೆಯದರದು ಬಾಲ ಮಾತ್ರ ಉಳಿಯಿತು, ನಾಲ್ಕನೆಯದು ಮಾತ್ರ ಒಂದಕ್ಷರವೂ ಅಲುಗಲಿಲ್ಲ. ದರಿದ್ರದ್ದು, ಬೇಕೆಂತಲೇ ಕೂತಿದೆ, ಎಂದುಕೊಂಡ. ಸರ್ವಿಸ್ ಸೆಂಟರಿನ ಬಾಗಿಲು ತೆರೆಯಲು ಇನ್ನು ಹತ್ತು ನಿಮಿಷವಿತ್ತು. ಹೊರಗೆ ಆಗಲೇ ಜನ ಬಾಗಿಲ ಗಾಜಿಗೆ ಮೂಗು ತಾಗಿಸಿ, ತಮ್ಮ ತಮ್ಮ ಫೋನುಗಳನ್ನು ಜ್ವರ ಬಂದ ಮಕ್ಕಳ ಹಾಗೆ ಎದೆಗೊತ್ತಿ ನಿಂತಿದ್ದರು. ಒಳಗೆ ಮೇನೇಜರ್ ಎಂಟೂ ಕೌಂಟರಿನವರನ್ನು ಸಾಲಾಗಿ ನಿಲ್ಲಿಸಿ ಹೊಸ ಚೀಟಿ ಹಂಚಿ ಮುಗಿಸಿದ್ದ. "ನಿನ್ನೆ ಸಂಜೆ ಕಂಪನಿ ಒಪ್ಕೊಂಡಿದೆ. ಹಳೇ ಫೋನುಗಳನ್ನ ಅಪ್‌ಡೇಟ್ ಕಳಿಸಿ ನಿಧಾನ ಮಾಡಿದ್ದು ನಿಜವಂತೆ. ಬ್ಯಾಟರಿ ಉಳೀಲಿ ಅಂತ ಮಾಡಿದ್ದಂತೆ, ಜನಕ್ಕೆ ಹೇಳೋದು ಬಿಟ್ಟುಹೋಯ್ತಂತೆ. ನಮಗೂ ಇವತ್ತೇ ಗೊತ್ತಾಗಿದ್ದು. ಏನು?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, "ನಮಗೂ ಇವತ್ತೇ ಗೊತ್ತಾಗಿದ್ದು," ಎಂದು ಮತ್ತೊಮ್ಮೆ ಹೇಳಿದ್ದ. ಆಮೇಲೆ ನಗುವಿನ ವಿಚಾರ. ಇವತ್ತು ನಗಕೂಡದು, ಹಾಗೆಂದು ಮುಖ ಗಂಟು ಹಾಕಿಕೊಳ್ಳಲೂ ಕೂಡದು, ತುಟಿ ಅರಳಿರಬೇಕು, ಹಲ್ಲು ಕಾಣಬಾರದು. ಎಂಟು ಜನರೂ ಹಲ್ಲು ಕಾಣದ ನಗು ಅಭ್ಯಾಸ ಮಾಡಿದರು.

ಹಳೆಯ ಚೀಟಿಯಲ್ಲಿ ಐದು ವಾಕ್ಯಗಳಿದ್ದವು. ಫೋನು ನಿಧಾನವಾಯಿತು ಎಂದು ಯಾರಾದರೂ ಬಂದರೆ ಅವನ್ನು ಒಂದೊಂದಾಗಿ ಬಿಡಬೇಕು. ಫೋಟೋ ಜಾಸ್ತಿ ತುಂಬಿಸಿದ್ದೀರಿ. ಬೇಡದ ಆಪ್‌ಗಳಿವೆ. ನಿಮ್ಮ ಮನೆಯ ಕಡೆ ನೆಟ್‌ವರ್ಕ್ ಸರಿಯಿಲ್ಲ. ನೂರಕ್ಕೆ ತೊಂಬತ್ತು ಜನ ಇಷ್ಟಕ್ಕೇ ತಲೆ ತಗ್ಗಿಸುತ್ತಿದ್ದರು. ಫೋಟೋ ಜಾಸ್ತಿ ಇಲ್ಲದ ಪುಣ್ಯಾತ್ಮರು ಲೋಕದಲ್ಲಿ ಯಾರಿದ್ದಾರೆ? ಐದನೆಯದು, ಹೊಸ ಮಾದರಿ ತೋರಿಸಲೇ ಎಂಬ ಪ್ರಶ್ನೆ. ನಾಲ್ಕನೆಯದು ಅರವತ್ತು ದಾಟಿದವರಿಗೇ ಮೀಸಲು: ವಯಸ್ಸಾದಂತೆ ಬೆರಳಿನ ಚರ್ಮ ಒಣಗುತ್ತದೆ, ಆಗ ಪರದೆಗೆ ಸ್ಪರ್ಶ ಬೇಗ ತಿಳಿಯುವುದಿಲ್ಲ, ತೊಂದರೆ ಫೋನಿನದಲ್ಲ. ಇದನ್ನು ಕಂಪನಿಯ ಯಾವ ಪಂಡಿತನೂ ಬರೆದದ್ದಲ್ಲ. ಇದು ಅವನ ಸ್ವಂತ ಕೃತಿ. ಎಂಟು ತಿಂಗಳ ಹಿಂದೆ ಅವನ ಬಾಯಿಂದ ಬಿದ್ದು, ಕೌಂಟರಿನಲ್ಲಿ ಎರಡು ಸಲ ಬಳಕೆಯಾಗಿ, ಮೇನೇಜರನ ಕಿವಿಗೆ ಹೋಗಿ, "ಏನ್ ತಲೆ ಮಾರಾಯ ನಿಂದು" ಎಂದು ಹೊಗಳಿಸಿಕೊಂಡು, ಅಚ್ಚಾಗಿ, ಎಂಟೂ ಗಾಜಿನ ಕೆಳಗೆ ಸೇರಿಕೊಂಡಿತ್ತು. ಆ ತಿಂಗಳ ಒಳ್ಳೆಯ ಕೆಲಸಗಾರ ಎಂದು ಅವನಿಗೊಂದು ಛತ್ರಿ ಕೊಟ್ಟಿದ್ದರು. ಛತ್ರಿಗೆ ಛತ್ರೀನೇ ಕೊಟ್ರಲ್ಲೋ, ಸರಿಯಾಯ್ತು, ಎಂದು ಹಿಂದಿನ ಕೋಣೆಯ ಚಿಮಟ ನಕ್ಕಿದ್ದ. ಚಿಮಟ ಎಂದರೆ ಫೋನು ಬಿಚ್ಚಿ ರಿಪೇರಿ ಮಾಡುವವನು. ಸದಾ ಜೇಬಿನಲ್ಲಿ ಒಂದು ಚಿಮಟ ಇರುತ್ತಿದ್ದುದರಿಂದ ಅದೇ ಅವನ ಹೆಸರಾಗಿತ್ತು.

ಆ ಮಾತು ಮೊದಲು ಬಿದ್ದದ್ದು ಗಿರಾಕಿಯ ಮುಂದಲ್ಲ, ಅತ್ತೆಯ ಮುಂದೆ. ಭಾನುವಾರದ ಬೆಳಿಗ್ಗೆ. ಅವನ ಬಾಯಿ ತುಂಬ ಬ್ರೆಡ್ಡು. ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯಿಂದ ಅತ್ತೆ ಬಂದು ಫೋನನ್ನು ಮೇಜಿನ ಮೇಲೆ ಅವನತ್ತ ನೂಕಿದ್ದರು. "ಅಳಿಯಂದ್ರೇ, ಇದನ್ನ ಸ್ವಲ್ಪ ನೋಡಿ. ನಾನು ಅಕ್ಷರ ಒತ್ತಿ, ಕನ್ನಡಕ ತೆಗೆದು, ಒರೆಸಿ, ಹಾಕ್ಕೊಂಡ ಮೇಲೆ ಅದು ಮೂಡುತ್ತೆ. ವಯಸ್ಸಾಗಿರೋದು ಇದಕ್ಕೋ ನನಗೋ?" ತಮಾಷೆಗೇ ಕೇಳಿದ್ದು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು ಅವರು. ಸಾಕ್ಷಿಯ ಮಾತು ಮುಗಿಯುವುದಕ್ಕೂ ಇವರ ಸಾಲು ಮುಗಿಯುವುದಕ್ಕೂ ಒಂದೇ ಉಸಿರು. ಆ ಬೆರಳುಗಳಿಗೆ ತಮ್ಮ ವಯಸ್ಸೇ ಗೊತ್ತಿರಲಿಲ್ಲ. ಅವನೂ ತಮಾಷೆಯಾಗಿ ಏನಾದರೂ ಹೇಳಬಹುದಿತ್ತು. ನಿಜ ಹೇಳಬಹುದಿತ್ತು, ಯಾಕೆಂದರೆ ನಿಜ ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಚಿಮಟ ಚಹಾ ಕುಡಿಯುತ್ತ ಹೇಳಿದ್ದ: "ಹೊಸ ಬ್ಯಾಟರಿ ಹಾಕಿದ್ರೆ ಸಾಕು, ಸತ್ತ ಫೋನ್ ಎದ್ದು ಓಡುತ್ತೆ. ಒಳಗಿಂದ ಯಾರೋ ಹಗ್ಗ ಹಿಡಿದು ಎಳೀತಾ ಇದಾರೆ ಕಣೋ. ಬಾಯಿ ಬಿಡಬೇಡ." ಅವನು ಬಾಯಿ ಬಿಡಲಿಲ್ಲ. ಅದೇ ವಾರ ತನ್ನ ಫೋನಿಗೂ ಹೆಂಡತಿಯ ಫೋನಿಗೂ ಸದ್ದಿಲ್ಲದೆ ಬ್ಯಾಟರಿ ಹಾಕಿಸಿಕೊಂಡು ಬಂದ. ಅತ್ತೆಯದು ಉಳಿಯಿತು. ಮರೆತೆ ಎಂದು ತನಗೆ ತಾನೇ ಹೇಳಿಕೊಂಡಿದ್ದ, ಆದರೆ ಮರೆತಿರಲಿಲ್ಲ. ಬ್ರೆಡ್ಡು ನುಂಗಿ, ಕೌಂಟರಿನ ದನಿಯಲ್ಲಿ, "ಫೋನ್ ಸರಿಯಾಗೇ ಇದೆ ಅತ್ತೆ. ವಯಸ್ಸಾದ್ಮೇಲೆ ಬೆರಳಿನ ಚರ್ಮ ಒಣಗುತ್ತೆ ನೋಡಿ, ಅದಕ್ಕೆ ಸ್ಕ್ರೀನಿಗೆ ಬೇಗ ಗೊತ್ತಾಗಲ್ಲ," ಎಂದುಬಿಟ್ಟಿದ್ದ.

ಅತ್ತೆ ಎರಡೂ ಕೈಗಳನ್ನು ಮಗುಚಿ ನೋಡಿಕೊಂಡರು. ಮುಖದಲ್ಲಿದ್ದ ತಮಾಷೆ ಎಲ್ಲೋ ಹೋಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಥೆಯೂ ಹಾಗೇ ಆಯ್ತು," ಎಂದು ಫೋನು ಎತ್ತಿಕೊಂಡು ಒಳಗೆ ಹೋದರು. ಅವನು ಇನ್ನೊಂದು ತುಂಡು ಬ್ರೆಡ್ಡಿಗೆ ಬೆಣ್ಣೆ ಸವರಿದ. ಈಗ ಉಗುರಿನಲ್ಲಿ ಕೆರೆಯುತ್ತ ಅವನಿಗೆ ಚುಚ್ಚುತ್ತಿದ್ದುದು ಸುಳ್ಳಲ್ಲ. ಸುಳ್ಳು ಹೇಳುವುದು ಅವನ ಕಸುಬು, ಅದಕ್ಕೆ ಸಂಬಳ ಬರುತ್ತಿತ್ತು. ಚುಚ್ಚುತ್ತಿದ್ದುದು ಆ ಬೆಣ್ಣೆ. ಆ ಹೊತ್ತು ಅವನಿಗೆ ಹೊಟ್ಟೆ ತಣ್ಣಗಾಗಿತ್ತು. ಮದುವೆಗೆ ಮುಂಚೆ ಅವನು ನಿಮ್ಮ ಮಗಳನ್ನು ಕೊಡಿ ಎಂದು ಅತ್ತೆಗೆ ಬರೆದ ಕಾಗದ ಹನ್ನೊಂದು ಕಡೆ ಕೆಂಪು ಶಾಯಿಯ ಗುರುತು ಹೊತ್ತು ವಾಪಸು ಬಂದಿತ್ತು. ಕೊನೆಯಲ್ಲಿ ಒಂದು ಸಾಲು: ಹುಡುಗ ಒಳ್ಳೆಯವನು, ಒತ್ತಕ್ಷರ ಬರುವುದಿಲ್ಲ, ಒಪ್ಪಿಗೆ ಇದೆ. ಹದಿಮೂರು ವರ್ಷದಿಂದ ಆ ಮನೆಯಲ್ಲಿ ಅವನು ಹೇಳಲು ಹೊರಟ ಮಾತನ್ನು ಅತ್ತೆ ಮೊದಲೇ ಮುಗಿಸಿರುತ್ತಿದ್ದರು. ಅವನು ಲೆಕ್ಕ ಹಾಕುವಷ್ಟರಲ್ಲಿ ಅವರು ಉತ್ತರ ಹೇಳಿರುತ್ತಿದ್ದರು. ಕೆಲಸ ಸಿಕ್ಕಿದ ದಿನ, "ನಗೋದಕ್ಕೂ ಸಂಬಳ ಕೊಡ್ತಾರಾ? ಒಳ್ಳೇದಾಯ್ತು ಬಿಡಿ," ಎಂದಿದ್ದರು. ಅಂಥವರು ಒಂದು ಅಕ್ಷರಕ್ಕಾಗಿ ಕಾಯುತ್ತ ಕೂತಿರುವುದನ್ನು ನೋಡುವುದು, ಛೆ, ಹೇಳಬಾರದು, ಅವನಿಗೆ ಹಿತವಾಗಿತ್ತು.

ಹಿತ ಹೆಚ್ಚು ದಿನ ಬಾಳಲಿಲ್ಲ. ಅತ್ತೆ ಮೊದಲು ಆಟ ಬಿಟ್ಟರು. ಕೋರ್ಟಿನಲ್ಲಿ ಎದುರು ಮೇಜಿನಲ್ಲಿ ಕೂರುತ್ತಿದ್ದ ಗೆಳತಿಯ ಜೊತೆ ದಿನಾ ಫೋನಿನಲ್ಲಿ ಪದ ಕಟ್ಟುವ ಆಟ ಆಡುತ್ತಿದ್ದರು. ಅರ್ಧ ನಿಮಿಷದಲ್ಲಿ ಕಟ್ಟಬೇಕು. ಮೂವತ್ತು ದಿನ ಒಂದೇ ಸಮ ಸೋತು, ಒಂದು ದಿನ ಸುಮ್ಮನೆ ನಿಲ್ಲಿಸಿದರು. ಆಮೇಲೆ ಗ್ಯಾಸ್ ಹಚ್ಚುವುದನ್ನು ಬಿಟ್ಟರು, ಆರಿಸಲು ಮರೆತರೆ ಏನು ಗತಿ ಎಂದು. ಒಂದು ದಿನವೂ ಮರೆತಿರಲಿಲ್ಲ. ಕೊನೆಗೆ ಮೊಮ್ಮಗಳು. ಶಾಲೆಯಿಂದ ಮಗುವನ್ನು ಕರೆತರುವುದು ಅವರದೇ ಕೆಲಸವಾಗಿತ್ತು. ಒಂದು ಸಂಜೆ ಮಗು ಬಂದು, "ಅಜ್ಜಿ ರಸ್ತೆ ಮಧ್ಯ ನಿಂತುಬಿಟ್ಲು, ಎಲ್ಲಾ ಗಾಡಿಯವ್ರೂ ಬೈದ್ರು," ಎಂದಿತು. ಅತ್ತೆ ಮಗಳಿಗೆ ಹೇಳಿದರು, "ನಾಳೆಯಿಂದ ನೀನೇ ಹೋಗಮ್ಮ. ತಲೆ ಹೇಳಿದ್ದು ನನ್ನ ಕೈಗೆ ತಡವಾಗಿ ಮುಟ್ತಾ ಇದೆ. ಕಾಲಿಗೂ ಹಾಗೇ ಆದ್ರೆ? ಕೈಯಲ್ಲಿ ಮಗು ಬೇರೆ." ಹೆಂಡತಿ ಕೆಲಸದಿಂದ ಬೇಗ ಹೊರಡಲು ಶುರುಮಾಡಿದಳು. ಈ ಭಯದ ಹಿಂದೆ ಏನಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಯ ಅಮ್ಮ ಕೊನೆಯ ಆರು ವರ್ಷ ಎಲ್ಲವನ್ನೂ ಮರೆತು, ತುತ್ತು ಹಾಕುವ ಮಗಳನ್ನೇ ಯಾರಮ್ಮ ನೀನು ಎಂದು ಕೇಳುತ್ತ ಹೋಗಿದ್ದರು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಫೋನಿನ ನಿಜ ಹೇಳಲಿಲ್ಲ, ಮೊದಲ ವಾರ ಹೇಳದವನು ಎರಡನೇ ತಿಂಗಳು ಯಾವ ಮುಖ ಇಟ್ಟುಕೊಂಡು ಹೇಳುತ್ತಾನೆ?

ಬಾಗಿಲು ತೆರೆಯಿತು. ಮೂರನೇ ಕೌಂಟರಿಗೆ, ಅಂದರೆ ಅವನಿಗೆ, ಮೊದಲು ಬಂದವರು ಒಬ್ಬ ದರ್ಜಿ. ಕೊರಳಲ್ಲಿ ಅಳತೆಯ ಪಟ್ಟಿ ಇನ್ನೂ ನೇತಾಡುತ್ತಿತ್ತು. "ನನ್ನ ನೆನಪಿದೆಯಾ ಸ್ವಾಮಿ? ಆರು ತಿಂಗಳ ಹಿಂದೆ ಬಂದಿದ್ದೆ. ಬೆರಳು ಒಣಗಿದೆ ಅಂದಿದ್ರಿ," ಎಂದು ಹತ್ತೂ ಬೆರಳುಗಳನ್ನು ಗಾಜಿನ ಮೇಲೆ ಹರವಿದರು. ಬೆರಳುಗಳು ಮಿರಮಿರ ಮಿಂಚುತ್ತಿದ್ದವು. "ಆವತ್ತಿಂದ ಎರಡು ಹೊತ್ತೂ ಎಣ್ಣೆ ತಿಕ್ತಾ ಇದೀನಿ. ಬೆರಳೇನೋ ಮೆತ್ತಗಾಯ್ತು, ಫೋನ್ ಮಾತ್ರ ಹಾಗೇ ಇದೆ. ಇನ್ನೊಂದು ತೊಂದರೆ ಏನಂದ್ರೆ, ಹೊಲಿಯೋ ಬಟ್ಟೆಗೆಲ್ಲ ಕಲೆ. ಎರಡು ಅಂಗಿ ವಾಪಸ್ ಬಂತು. ಎಣ್ಣೆ ಬದಲು ಬೇರೇನಾದ್ರೂ ಹಚ್ಚಬಹುದಾ ಅಂತ ಕೇಳೋಕೆ ಬಂದೆ." ಅವನು ತುಟಿ ಅರಳಿಸಿದ, ಹಲ್ಲು ಮುಚ್ಚಿದ, ಹೊಸ ಚೀಟಿ ನೋಡಿದ. "ತಮಗಾದ ಅನಾನುಕೂಲಕ್ಕೆ ನಾವು ಪ್ರಾಮಾಣಿಕವಾಗಿ ವಿಷಾದಿಸುತ್ತೇವೆ." ದರ್ಜಿ ಹಿಂದೆ ತಿರುಗಿ ನೋಡಿದರು, ಇದನ್ನು ಬೇರೆ ಯಾರಿಗೋ ಹೇಳುತ್ತಿದ್ದಾನೆಂದು. "ಅಂದ್ರೆ, ಬ್ಯಾಟರಿ ಬದಲಾಯಿಸಿ ಕೊಡ್ತೀವಿ. ಸರಿಹೋಗುತ್ತೆ," ಎಂದ. "ಮತ್ತೆ ಬೆರಳು?" "ಬೆರಳಿಗೆ ಏನೂ ಆಗಿರ್ಲಿಲ್ಲ."

ಈಗ ಬೈಯುತ್ತಾರೆ ಎಂದು ಅವನು ಕಾದ. ಕತ್ತಿನ ಪಟ್ಟಿ ಬಿಚ್ಚಿ ಬಾರಿಸಿದರೂ ತಾಳಿಕೊಳ್ಳುವುದಕ್ಕೆ ಮನಸ್ಸು ಸಿದ್ಧವಾಗಿತ್ತು. ದರ್ಜಿ ನಿಟ್ಟುಸಿರು ಬಿಟ್ಟರು, ಅಷ್ಟೇ. "ಸದ್ಯ ಬದುಕಿದೆ. ಕೈಯೇ ಹೋಯ್ತು, ಅಂಗಡಿ ಮಗನಿಗೆ ವಹಿಸಿ ಮೂಲೇಲಿ ಕೂರೋದು ಅಂತ ತೀರ್ಮಾನ ಮಾಡಿದ್ದೆ. ಪಾಪ, ನಿಮಗೂ ಗೊತ್ತಿರ್ಲಿಲ್ಲ ಅಲ್ವಾ?" "ನಮಗೂ ಇವತ್ತೇ ಗೊತ್ತಾಗಿದ್ದು," ಎಂದಿತು ಅವನ ಬಾಯಿ. ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ದಿಗಿಲಾಯಿತು. ಹೊರಡುವ ಮುಂಚೆ ದರ್ಜಿ ಕೌಂಟರಿನ ಮೇಲಿದ್ದ, ಸೇವೆ ಹೇಗಿತ್ತೆಂದು ಕೇಳುವ ಮೂರು ಗುಂಡಿಗಳ ಪೆಟ್ಟಿಗೆಯನ್ನು ಹುಡುಕಿ, ಅಳುವ ಮುಖ ಬಿಟ್ಟು, ಸಪ್ಪೆ ಮುಖ ಬಿಟ್ಟು, ನಗುವ ಮುಖವನ್ನು ಒತ್ತಿದರು. ಗುಂಡಿಯ ಮೇಲೆ ಎಣ್ಣೆಯ ಗುರುತು ಉಳಿಯಿತು. ಆಮೇಲೆ ಬಂದವರಲ್ಲಿ ಕೂಗಾಡಿದವರಿದ್ದರು, ಕಳ್ಳರು ಎಂದವರಿದ್ದರು. ಕಳ್ಳ ಎಂದು ಪಕ್ಕದ ಕೌಂಟರಿನಲ್ಲಿ ಯಾರೋ ಅಂದರೂ ಅವನು ಕುಂಬಳಕಾಯಿ ಕಳ್ಳನ ಹಾಗೆ ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಆದರೆ ಬೈದವರ ಮುಂದೆ ಕೂರುವುದು ಸುಲಭವಾಗಿತ್ತು. ಆ ಎಣ್ಣೆಯ ಗುರುತನ್ನು ಒರೆಸಲು ಮಧ್ಯಾಹ್ನದವರೆಗೂ ಅವನಿಗೆ ಕೈ ಬರಲಿಲ್ಲ.

ಊಟದ ಚೀಲದಲ್ಲಿ ಡಬ್ಬಿಯ ಪಕ್ಕ ಅತ್ತೆಯ ಫೋನಿತ್ತು. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸಿ ಕೊಟ್ಟಿದ್ದರು. "ಇದನ್ನ ನಿಮ್ಮ ಅಂಗಡೀಲೇ ಎಲ್ಲಾದ್ರೂ ಬಿಸಾಕಿ. ಮೂರು ಗಂಟೆಗೆ ಮರೆವಿನ ಡಾಕ್ಟರ ಹತ್ರ ಹೋಗೋದಿದೆ, ನೀವು ಮರೀಬೇಡಿ. ಮರೆಯೋದು ಇನ್ಮೇಲೆ ನನ್ನ ಕೆಲಸ." ಕಂಪನಿಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಪತ್ರಿಕೆ ಅವರು ಓದುತ್ತಿರಲಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ ಎಂದು ಅದನ್ನೂ ಬಿಟ್ಟಿದ್ದರು. ಅವನು ಊಟ ಬಿಟ್ಟು ಹಿಂದಿನ ಕೋಣೆಗೆ ಹೋಗಿ ಫೋನನ್ನು ಚಿಮಟನ ಮುಂದಿಟ್ಟ. "ಯಾರ್ದು?" "ನಮ್ಮತ್ತೇದು." ಚಿಮಟ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ಹಣೆಗೇರಿಸಿದ. "ಎರಡು ವರ್ಷದ ಹಿಂದೆ ನಿಂದೂ ನಿನ್ನ ಹೆಂಡ್ತೀದೂ ಮಾಡಿಸ್ಕೊಂಡು ಹೋದೆ. ಇದು ಆವಾಗ ಎಲ್ಲಿತ್ತು?" "ಮರೆತಿದ್ದೆ." "ಮರೆವು ಅತ್ತೆಗೆ ಅಂತಿದ್ದೆ?" ಎಂದು ಅವನು ಸ್ಕ್ರೂ ಬಿಚ್ಚತೊಡಗಿದ. ಹದಿನೈದು ನಿಮಿಷ ಸಾಕಾಯಿತು. ಎಂಟು ತಿಂಗಳು ಒಂದು ಕಡೆ, ಹದಿನೈದು ನಿಮಿಷ ಒಂದು ಕಡೆ. ಫೋನು ಮುಟ್ಟಿದಲ್ಲೆಲ್ಲ ತೆರೆದುಕೊಳ್ಳುತ್ತಿತ್ತು. ಪದದಾಟದಲ್ಲಿ ಎದುರು ಮೇಜಿನ ಗೆಳತಿಯ ಸಂದೇಶಗಳು ಸಾಲಾಗಿ ಕೂತಿದ್ದವು: ಯಾಕೆ ಆಡ್ತಿಲ್ಲ? ಹೆದರಿದ್ಯಾ? ಕೊನೆಯದರಲ್ಲಿ ತಮಾಷೆ ಇರಲಿಲ್ಲ: ಹುಷಾರಾಗಿದ್ದೀಯಾ? ಅವನು ಫೋನು ಆರಿಸಿ ಜೇಬಿಗಿಟ್ಟುಕೊಂಡ.

ಡಾಕ್ಟರ ಕ್ಲಿನಿಕ್ಕು ಮಗುವಿನ ಶಾಲೆಯ ಎದುರಿಗೇ ಇತ್ತು. ನಡುವೆ ಒಂದು ರಸ್ತೆ, ಅತ್ತೆ ನಿಂತುಬಿಟ್ಟಿದ್ದ ಅದೇ ರಸ್ತೆ. ಅಲ್ಲೂ ಟೋಕನ್, ಅಲ್ಲೂ ಗೋಡೆಯ ಮೇಲೆ ಕೆಂಪು ಅಂಕಿ. ಅವನು ಟೋಕನ್ ಹಿಡಿದು ಕಾಯುವವರ ಕಡೆ ಕೂತು ಎಷ್ಟು ಕಾಲವಾಗಿತ್ತೋ. ಅತ್ತೆ ಪರೀಕ್ಷೆಗೆ ಬಂದವರ ಹಾಗೆ ಮಡಿಕೆ ಬಿಚ್ಚದ ಇಸ್ತ್ರಿ ಬಟ್ಟೆಯಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎಡಗೈ ಮುಷ್ಟಿ ಬಿಗಿಯಾಗಿತ್ತು. ಏನದು ಎಂದು ನೋಡಿದರೆ ಬೆರಳ ಸಂದಿಯಲ್ಲಿ ಒಂದು ಚೀಟಿ. "ಏನತ್ತೆ ಅದು?" "ಸುಮ್ನಿರಿ. ಇವತ್ತು ಯಾವ ವಾರ, ಯಾವ ತಾರೀಕು, ಯಾವ ಇಸವಿ ಅಂತ ಕೇಳ್ತಾರಂತೆ. ಬರ್ಕೊಂಡು ಬಂದಿದೀನಿ. ಅಕಸ್ಮಾತ್ ಬರದೇ ಹೋದ್ರೆ?" ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಕೂತವರು ಕಾಪಿ ಹೊಡೆಯಲು ಚೀಟಿ ತಂದಿದ್ದರು. ಅವನಿಗೆ ನಗು ಬಂತು. ಜೇಬಿನಿಂದ ಫೋನು ತೆಗೆದು ಅವರ ತೊಡೆಯ ಮೇಲಿಟ್ಟ.

"ಬಿಸಾಕಿ ಅಂದಿದ್ನಲ್ಲ." "ಒಂದ್ಸಲ ಒತ್ತಿ ನೋಡಿ." ಅವರು ಒಲ್ಲದ ಮನಸ್ಸಿನಿಂದ ಒಂದು ಬೆರಳು ಇಟ್ಟರು. ಅಕ್ಷರ ಮೂಡಿತು. ಇನ್ನೊಂದು. ಆಮೇಲೆ ಎರಡೂ ಹೆಬ್ಬೆರಳುಗಳು ತಾವಾಗಿಯೇ ಓಡಿದವು. ಸಾಕ್ಷಿಯು ಪ್ರಮಾಣ ಮಾಡಿ ಹೇಳುವುದೇನೆಂದರೆ, ಎಂದು ಕೋರ್ಟಿನ ಸಾಲು ಪರದೆಯ ಮೇಲೆ ಬೆರಳಿನ ಜೊತೆಜೊತೆಗೇ ಬಂತು. ಬೆರಳುಗಳು ಗಕ್ಕನೆ ನಿಂತವು. "ಏನ್ ಮಾಡಿದ್ರಿ ಇದಕ್ಕೆ?" "ಬ್ಯಾಟರಿ ಬದಲಾಯಿಸಿದೆ." "ಬ್ಯಾಟರಿಗೂ ನನ್ನ ಬೆರಳಿನ ಚರ್ಮಕ್ಕೂ ಏನ್ ಸಂಬಂಧ?" ಅವನು ಬಾಯಿ ತೆರೆದ. ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡಿದ್ದ ಮಾತು ಒಂದೂ ಬರಲಿಲ್ಲ. "ತಮಗಾದ ಅನಾನುಕೂಲಕ್ಕೆ ನಾವು ಪ್ರಾಮಾಣಿಕವಾಗಿ," ಎಂದು ಬಾಯಿ ತಾನೇ ಶುರುಮಾಡಿತು. "ನಾವು ಅಂದ್ರೆ ಯಾರ್ಯಾರು?" ಎಂದರು ಅತ್ತೆ. "ಇಲ್ಲಿ ಕೂತಿರೋದು ನೀವೊಬ್ರೇ." ಆಗ ಅವನು ಹೇಳಿದ. ಕಂಪನಿ ಮಾಡಿದ್ದು ಹೇಳಿದ, ಚಿಮಟ ಹೇಳಿದ್ದು ಹೇಳಿದ, ಬೆರಳಿನ ಮಾತು ತನ್ನದೇ ಎಂದು ಹೇಳಿದ. "ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಅವರು ಕೇಳಿದರು. ಬೆಳಗಿನಿಂದ ಐವತ್ತು ಸಲ ಹೇಳಿದ್ದ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿ, "ಮೊದಲಿಂದಾನೂ ಗೊತ್ತಿತ್ತು," ಎಂದ. ಎದುರಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ಹಾಗಾದ್ರೆ ನೆಲಾನೇ ಡೊಂಕಾಗಿತ್ತು," ಎಂದರು ಅತ್ತೆ. ದನಿ ಏರಲಿಲ್ಲ. "ಎಂಟು ತಿಂಗಳಿಂದ ದಿನಾ ಮಲಗೋ ಮುಂಚೆ ನನ್ನ ಹೆಸರು, ನನ್ನ ಮಗಳ ಹೆಸರು, ಮೊಮ್ಮಗಳ ಹೆಸರು ಹೇಳ್ಕೊಂಡು ಮಲಗ್ತಾ ಇದ್ದೆ. ಬೆಳಿಗ್ಗೆ ಎದ್ದು ಮತ್ತೆ ಹೇಳ್ಕೊಳ್ತಿದ್ದೆ, ಇದೆಯೋ ಹೋಯ್ತೋ ಅಂತ. ನಮ್ಮಮ್ಮಂಗೆ ಹಾಕಿದ ಒಂದೊಂದು ತುತ್ತೂ ಕಣ್ಮುಂದೆ ಬರ್ತಿತ್ತು. ನಿಮ್ಮ ಹೆಸರನ್ನೂ ಹೇಳ್ಕೊಳ್ತಿದ್ದೆ ಅಳಿಯಂದ್ರೇ." ಅವನಿಗೆ ಕೂತ ಕುರ್ಚಿ ಸಹಿತ ನೆಲದೊಳಗೆ ಇಳಿದುಹೋದರೆ ಸಾಕೆನಿಸಿತು. ತಪ್ಪಾಯ್ತು ಅತ್ತೆ, ಎಂದ. ಅದು ಯಾವ ಚೀಟಿಯಲ್ಲೂ ಇರಲಿಲ್ಲ, ಆದರೂ ಚೀಟಿಯದೇ ಮಾತಿನ ಹಾಗೆ ಕೇಳಿಸಿತು. ಗೋಡೆಯ ಮೇಲೆ ಅವರ ಅಂಕಿ ಬಂತು. ಜೊತೆಗೆ ಏಳಲು ಹೋದವನನ್ನು ಅವರು ಕೈ ತೋರಿಸಿ ಕೂರಿಸಿದರು. ಮುಷ್ಟಿ ಬಿಚ್ಚಿ, ಬೆವರಿಗೆ ಒದ್ದೆಯಾಗಿದ್ದ ಚೀಟಿಯನ್ನು ಅವನ ಅಂಗೈಗೆ ಹಾಕಿದರು. "ಇದು ನಿಮ್ಮ ಹತ್ರಾನೇ ಇರಲಿ. ಚೀಟಿ ಇಲ್ಲದೆ ನಿಮಗೆ ಮಾತು ಬರಲ್ಲ."

ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಎಪ್ಪತ್ತೆರಡು, ಅರವತ್ತೈದು, ಎಂದು ಅತ್ತೆಯ ದನಿ ಟೈಪ್ ಮೆಷಿನ್ನಿನ ವೇಗದಲ್ಲಿ ಹೋಯಿತು. ಸಾಕು ಸಾಕು ಎಂದರೂ ಸೊನ್ನೆಯ ಹತ್ತಿರ ಮುಟ್ಟುವ ತನಕ ನಿಲ್ಲಲಿಲ್ಲ. ಹೊರಗೆ ಕೂತ ಅವನು ತಾನೂ ಕಳೆಯಲು ಹೋಗಿ ಎಪ್ಪತ್ತೊಂಬತ್ತರಲ್ಲಿ ಸಿಕ್ಕಿಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ತಾವೇ ಬಾಗಿಲಿಗೆ ಬಂದರು. "ಇವರ ತಲೆ ನನಗಿಂತ ಚುರುಕಾಗಿದೆ. ಮರೆವಿನ ಕಾಯಿಲೆ ಅಂತ ಇವರ ತಲೇಲಿ ತುಂಬಿದ್ಯಾರು?" "ಫೋನ್ ಅಂಗಡಿಯವರು," ಎಂದರು ಅತ್ತೆ. ಡಾಕ್ಟರಮ್ಮ ತಮಾಷೆ ಎಂದು ನಕ್ಕರು. ಅವನೂ ನಕ್ಕ, ಹಲ್ಲು ಕಾಣಲಿಲ್ಲ.

ಮೆಟ್ಟಿಲಿಳಿಯುತ್ತಲೇ ಅತ್ತೆ ಮಗಳಿಗೆ ಸಂದೇಶ ಬರೆದರು. ಅವನು ಭುಜದ ಮೇಲಿಂದ ಓದಿದ: ನೀನು ಬರಬೇಡ. ಇವತ್ತು ಮಗೂನ ನಾನೇ ಕರ್ಕೊಂಡು ಬರ್ತೀನಿ. ಕಳಿಸಿ, ಫೋನನ್ನು ಚೀಲಕ್ಕೆ ಹಾಕಿ, ರಸ್ತೆಯ ಅಂಚಿಗೆ ಬಂದು ನಿಂತರು. ಎದುರಿಗೆ ಶಾಲೆಯ ಗೇಟು ಇನ್ನೂ ಮುಚ್ಚಿತ್ತು. ಗಾಡಿಗಳು ಎರಡೂ ಕಡೆಯಿಂದ ಹೋಗುತ್ತಿದ್ದವು. ಅತ್ತೆಯ ಬಲಗಾಲು ಅಂಚಿನಿಂದ ಅರ್ಧ ಇಳಿದು ಮತ್ತೆ ಮೇಲೆ ಬಂತು. ಇನ್ನೊಮ್ಮೆ ಇಳಿಯಿತು, ಬಂತು. ಡಾಕ್ಟರು ಕೊಟ್ಟ ನೂರಕ್ಕೆ ನೂರು ಆ ಕಾಲಿಗಿನ್ನೂ ಮುಟ್ಟಿರಲಿಲ್ಲ. ಅವನ ಕೈ ಅಭ್ಯಾಸಬಲದಿಂದ ಅವರ ಮೊಣಕೈ ಹಿಡಿಯಲು ಹೋಯಿತು. ಅವರು ಮೊಣಕೈಯನ್ನು ಪಕ್ಕಕ್ಕೆ ತೆಗೆದುಕೊಂಡರು. ಅಷ್ಟರಲ್ಲಿ ಯಾವ ಪುಣ್ಯವೋ, ರಸ್ತೆ ಎರಡೂ ಕಡೆ ಪೂರ್ತಿ ಖಾಲಿಯಾಯಿತು. "ಈಗ ಹೋಗಿ ಅತ್ತೆ. ಖಾಲಿ ಇದೆ," ಎಂದ. ಖಾಲಿಯಿತ್ತು. ಒಂದು ಸೈಕಲ್ಲೂ ಇರಲಿಲ್ಲ. ಎಂಟು ತಿಂಗಳಲ್ಲಿ ಅವನು ಅವರಿಗೆ ಹೇಳಿದ ಇಷ್ಟು ಶುದ್ಧ ನಿಜ ಇನ್ನೊಂದಿರಲಿಲ್ಲ. ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಆಮೇಲೆ ಅವನನ್ನು ನೋಡಿದರು. ಹೆಜ್ಜೆ ಇಡಲಿಲ್ಲ. "ದೇವರಾಣೆ, ಖಾಲಿ ಇದೆ ಅತ್ತೆ." "ಕಾಣ್ತಾ ಇದೆ," ಎಂದರು. "ನೀವು ಹೇಳಿದ್ರಲ್ಲ, ಅದಕ್ಕೇ ಅನುಮಾನ." ದೂರದಲ್ಲಿ ಒಂದು ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು, ಅದರ ಹಿಂದೆ ಸಾಲಾಗಿ ಕಾರುಗಳು, ಸಂದುಗಳಲ್ಲಿ ಬೈಕುಗಳು. ಬಿಡುವು ಮುಚ್ಚಿಹೋಯಿತು.

ಅತ್ತೆಯ ತುಟಿ ಸಣ್ಣಗೆ ಅಲುಗುತ್ತಿತ್ತು. ಕಣ್ಣು ಬಸ್ಸಿನಿಂದ ಕಾರಿಗೆ, ಕಾರಿನಿಂದ ಬೈಕಿಗೆ ಹೋಗುತ್ತಿತ್ತು; ಏನನ್ನೋ ಎಣಿಸುತ್ತಿದ್ದರೋ, ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದರೋ, ತಿಳಿಯಲಿಲ್ಲ. ಬಸ್ಸು ಮುಂದೆ ದಾಟಿತು. ಅದರ ಹಿಂದೆ, ಅವನ ಕಣ್ಣಿಗೆ ಬಿಡುವೆಂದೇ ಕಾಣದ ಒಂದು ಸಂದಿಗೆ, ಅತ್ತೆ ಇಳಿದೇಬಿಟ್ಟರು. ಅಯ್ಯೋ ಎಂದು ಅವನು ಕೂಗಿದ್ದು ಹಾರನ್ನಿನಲ್ಲಿ ಮುಚ್ಚಿಹೋಯಿತು. ರಸ್ತೆಯ ನಡುವೆ ಒಂದು ಕ್ಷಣ ನಿಂತರು, ಒಬ್ಬ ಬೈಕಿನವನಿಗೆ ಅಂಗೈ ತೋರಿಸಿದರು, ಅವನು ಬ್ರೇಕು ಹಾಕಿ ಗೊಣಗಿದ, ಇವರು ದಾಟಿ ಆ ಕಡೆಯ ಅಂಚಿಗೆ ಹತ್ತಿದರು. ಹತ್ತಿದ ಮೇಲೆ ಬಾಗಿ ತಮ್ಮ ಕಾಲುಗಳನ್ನು ನೋಡಿಕೊಂಡರು. ಗೇಟಿನ ಕಂಬವನ್ನು ಹಿಡಿದು ನಿಂತರು. ಭುಜ ಅಲುಗುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ, ನಡುವೆ ಗಾಡಿಗಳು ಹೋಗುತ್ತಿದ್ದುದರಿಂದ ಅವನಿಗೆ ತುಂಡುತುಂಡಾಗಿ ಕಾಣುತ್ತಿತ್ತು.

ಶಾಲೆಯ ಗಂಟೆ ಹೊಡೆಯಿತು. ಗೇಟು ತೆರೆದು ಮಕ್ಕಳು ಹೊರಬಿದ್ದರು. ಮಗು ಅಜ್ಜಿಯನ್ನು ಕಂಡು ನಿಂತಿತು, ಆಮೇಲೆ ಓಡಿ ಬಂದು, ಎಂಟು ತಿಂಗಳಿನಿಂದ ಮನೆಯಲ್ಲಿ ಕಲಿಸಿದ ಹಾಗೆ, ಬೀಳದಿರಲೆಂದು ಅಜ್ಜಿಯ ಮಣಿಕಟ್ಟು ಹಿಡಿಯಿತು. ಅತ್ತೆ ಆ ಕೈಯನ್ನು ಬಿಡಿಸಿ, ಮಗುವಿನ ಮಣಿಕಟ್ಟನ್ನು ತಾವು ಹಿಡಿದುಕೊಂಡರು. ಅವನು ದಾಟಲೆಂದು ಅಂಚಿನಿಂದ ಕಾಲಿಳಿಸಿದ. ಒಂದು ಕಾರು ಹಾರನ್ ಹೊಡೆಯಿತು, ಹಿಂದಕ್ಕೆ ತೆಗೆದುಕೊಂಡ. ಮತ್ತೆ ಇಳಿಸಿದ, ಮತ್ತೆ ತೆಗೆದುಕೊಂಡ. ಕೈಯಲ್ಲಿ ಇನ್ನೂ ಆ ಒದ್ದೆ ಚೀಟಿ ಇತ್ತು. ಅದರಲ್ಲಿ ಇವತ್ತಿನ ವಾರ, ತಾರೀಕು, ಇಸವಿ ಒಂದೂ ತಪ್ಪಿಲ್ಲದೆ ದುಂಡಗೆ ಬರೆದಿತ್ತು. ಆ ಕಡೆಯಿಂದ ಅತ್ತೆ ಅವನನ್ನು ನೋಡುತ್ತಿದ್ದರು.

"ಯಾಕೆ ಅಳಿಯಂದ್ರೇ," ಎಂದು ರಸ್ತೆಯ ಆಚೆಯಿಂದ, ಗೇಟಿನ ಮುಂದಿನ ಅಷ್ಟೂ ಜನಕ್ಕೆ ಕೇಳುವ ಹಾಗೆ ಕೂಗಿದರು, "ಕಾಲಿನ ಚರ್ಮ ಒಣಗಿತಾ?"

ಮಗು ನಕ್ಕಿತು. ಅಜ್ಜಿ ಮೊಮ್ಮಗಳು ಅವನಿಗಾಗಿ ಕಾಯದೆ ಮನೆಯ ದಾರಿ ಹಿಡಿದರು. ಅವನು ಬಿಡುವಿಗಾಗಿ ಕಾಯುತ್ತ ನಿಂತ. ಬಿಡುವು ಬಂತು, ಹೋಯಿತು, ಮತ್ತೆ ಬಂತು.